ಹಗೇವಿನ ಪಕ್ಕದ ಸೀಸೆ

ನಮ್ಮ ಕಡೆ 'ವೈನ್' ಎಂಬ ಮಾತಿಗೆ ಒಂದೇ ಅರ್ಥ. ರಾಯಚೂರಿನಿಂದ ಗಿಲ್ಲೆಸುಗೂರಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ನೀವೂ ನೋಡಿರಬೇಕು. ಯಾವುದೋ ದೇವರ ಹೆಸರು, ಮುಂದೆ 'ವೈನ್ಸ್' ಎಂದು ದೊಡ್ಡ ಅಕ್ಷರ, ಕೆಳಗೆ ಕಬ್ಬಿಣದ ಜಾಳಿಗೆ, ಜಾಳಿಗೆಯ ಕಿಂಡಿಯೊಳಗೆ ಚಾಚಿದ ಕೈಗಳು. ಹೆಣ್ಣುಮಕ್ಕಳು ಅಲ್ಲಿ ಸೆರಗು ಸರಿಮಾಡಿಕೊಂಡು, ಅತ್ತ ನೋಡದೆ ನಡೆದುಬಿಡುತ್ತೇವೆ. ತಮಾಷೆಯೆಂದರೆ ಆ ಅಂಗಡಿಯಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದಂತೆ. ವಿಸ್ಕಿ, ಬ್ರಾಂದಿ, ರಮ್ಮು, ಮೇಲೆ ಕೂಲಿಯವರ ಕಿಸೆಗೆ ಹೊಂದುವ 90 ಮಿಲಿಯ ಕಾಗದದ ಪೊಟ್ಟಣ. ದ್ರಾಕ್ಷಿಯ ಹೆಸರು ಹೇಳಿ ಇನ್ನೇನನ್ನೋ ಮಾರುವ ವ್ಯಾಪಾರ ಅದು. ಪಾಪ, ದ್ರಾಕ್ಷಿ ಏನು ಮಾಡೀತು?

ಈ ಮಾತನ್ನು ನನಗೆ ಮೊದಲು ಹೇಳಿದವಳು ನನ್ನ ಮಗಳು. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿದಳು. ಮಾವು, ದಾಳಿಂಬೆ ಎಂದು ಏನಾದರೂ ಹಿಡಿಯುತ್ತಾಳೆ ಎಂದುಕೊಂಡಿದ್ದೆವು, ದ್ರಾಕ್ಷಿ ಹಿಡಿದಳು. ದ್ರಾಕ್ಷಿ ಹಿಡಿದವಳು ಒಣದ್ರಾಕ್ಷಿಗೆ ನಿಲ್ಲಲಿಲ್ಲ, ವೈನ್ ಮಾಡುವ ಕಡೆ ಕೆಲಸಕ್ಕೆ ಸೇರಿದಳು. ಯಾರಾದರೂ ಕೇಳಿದರೆ ನಮ್ಮವರು 'ಹಣ್ಣಿನ ರಸದ ಫ್ಯಾಕ್ಟರಿ' ಎನ್ನುತ್ತಾರೆ. ಸುಳ್ಳೇನೂ ಅಲ್ಲ. ರಸ ಎಷ್ಟು ದಿನದ್ದು ಎಂದು ಕೇಳುವವರಿಲ್ಲ, ಅಷ್ಟೆ.

ಹೋದ ವರ್ಷ ಯುಗಾದಿಗೆ ಬಂದಾಗ ಬಟ್ಟೆಯ ನಡುವೆ ಸುತ್ತಿ ಮೂರು ಸೀಸೆ ತಂದಳು. ಒಂದರ ಮೇಲೆ 2014 ಎಂದಿತ್ತು. ಇನ್ನೆರಡು ತೀರ ಹೊಸವು. "ಅವ್ವಾ, ಒಂದು ಹಳೇದು, ಒಂದು ಹೊಸದು ನಿಮಗೆ ತೋರಸಾಕ ತಂದೀನಿ. ಇನ್ನೊಂದು ಹೊಸದು ಇಲ್ಲೇ ಇರಲಿ. ಹತ್ತು ವರ್ಷ ತಣ್ಣಗ, ಕತ್ತಲಾಗ ಮಲಗಿಸಿ ಇಡಬೇಕು" ಎಂದಳು. ಕೂಸಿಗೆ ತೊಟ್ಟಿಲು ಕೇಳಿದ ಹಾಗೆ ಕೇಳಿದಳು.

ನಮ್ಮ ಮನೆಯಲ್ಲಿ ಆ ಸಾಮಾನು ಹೊಸ್ತಿಲು ದಾಟಬಾರದು ಎಂಬ ಕಟ್ಟು ನನ್ನ ಮದುವೆಗೂ ಮೊದಲಿನದು. ನಾನು ಬಂದ ಮೇಲೆ ಅದು ಇನ್ನೂ ಬಿಗಿಯಾಯಿತು. ಅದಕ್ಕೆ ಕಾರಣ ನನ್ನ ತಂಗಿ. ಅವಳ ಗಂಡನ ಮನೆಯಲ್ಲಿ ಕಾಲುವೆ ನೀರಿನ ಹನ್ನೊಂದು ಎಕರೆ ಗದ್ದೆ ಇತ್ತು. ಒಂದೊಂದೇ ಎಕರೆ ಹೋಯಿತು. ಮೊದಲು ಎತ್ತು, ಆಮೇಲೆ ಹೊಲ, ಆಮೇಲೆ ಅವಳ ಕೊರಳಿನ ಬಂಗಾರ, ಕೊನೆಗೆ ಆತ. ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಹೊಲಿಗೆ ಯಂತ್ರ ತುಳಿದು ಬದುಕಿದಳು. ವರ್ಷಕ್ಕೆರಡು ಸಲ, ಯುಗಾದಿಗೂ ಪಂಚಮಿಗೂ, ನಮ್ಮಲ್ಲಿಗೆ ಬರುತ್ತಾಳೆ. ಆ ಸಲವೂ ಬರುವವಳಿದ್ದಳು. ಅವಳು ಬರುವ ಮನೆಯಲ್ಲಿ ಈ ಸೀಸೆಯೇ?

ಮಗಳಿಗೂ ಇದು ಗೊತ್ತು. ಆದರೂ ಕೇಳಿದಳು. "ನನ್ನ ಕೆಲಸ ಏನಂತ ಇವತ್ತಿನತನ ನೀ ನೋಡಿಲ್ಲ. ಒಂದು ತಾಸು ಕೂತು ನೋಡು, ಆಮೇಲೆ ಬ್ಯಾಡ ಅನ್ನು" ಎಂದಳು. ಮಕ್ಕಳು ದುಡಿಯುವ ಜಾಗವನ್ನು ಒಮ್ಮೆಯಾದರೂ ನೋಡಬೇಕು ಎಂಬುದು ತಾಯಂದಿರ ಆಸೆ. ಆಕೆಯ ಕೆಲಸ ಬಾಯಿಯಲ್ಲಿತ್ತು. ಅದನ್ನು ನೋಡುವುದು ಹೇಗೆ? "ಕುಡಿಯೋದು ಅಲ್ಲವ್ವ, ಬಾಯಾಗ ಹಾಕ್ಕೊಂಡು ನೋಡಿ ಉಗುಳೋದು" ಎಂದಾಗ ನನಗೆ ಅರ್ಧ ಜೀವ ಬಂತು. ನಮ್ಮತ್ತೆಯವರಂತೂ "ಎಲಿ ಅಡಿಕಿ ಹಂಗ ಅನ್ನು" ಎಂದು ತಮ್ಮ ಪೀಕದಾನಿಯನ್ನೇ ಕೊಟ್ಟರು.

ಮೊದಲ ಪ್ರಶ್ನೆ ಜಾಗದ್ದು. ಕೆಂಪು ವೈನ್ ಮಲಗಬೇಕಾದರೆ 12ರಿಂದ 14 ಡಿಗ್ರಿ ತಂಪು ಬೇಕಂತೆ, ಬೆಳಕು ಬೀಳಬಾರದು, ಗದ್ದಲ ಅಲುಗಾಟ ಇರಬಾರದು, ಗಾಳಿಯಲ್ಲಿ ಒಂದಿಷ್ಟು ತೇವ ಇರಬೇಕು. ಸೀಸೆಯನ್ನು ಅಡ್ಡ ಮಲಗಿಸುವುದು ಬೂಚು ಒಣಗದಿರಲಿ ಎಂದು. ಬೂಚು ಒಣಗಿ ಸುಕ್ಕಾದರೆ ಗಾಳಿ ನುಗ್ಗಿ ವೈನ್ ಹುಳಿಯಾಗಿ ಹೋಗುತ್ತದೆ. ಆ ಬೂಚಿನದೂ ಒಂದು ಕಥೆ. ಪೋರ್ಚುಗಲ್ ಕಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ ಅದು. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಸಲ ತೊಗಟೆ ಬಿಡಿಸುತ್ತಾರೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸೀಸೆಗೆ ಹಾಕುವಂಥ ಒಳ್ಳೆಯ ಬೂಚು ಬರುವುದು ಮೂರನೆಯ ಸಲಕ್ಕೆ. ಅಂದರೆ ನೆಟ್ಟವನ ಮಕ್ಕಳಿಗೆ. ಹತ್ತು ವರ್ಷ ಕಾಯುವ ವೈನಿಗೆ ನಲವತ್ತು ವರ್ಷ ಕಾದ ಮುಚ್ಚಳ!

ರಾಯಚೂರು ಜಿಲ್ಲೆಯ ಬಿಸಿಲಿಗೆ 12 ಡಿಗ್ರಿ ಎಲ್ಲಿಂದ ತರೋಣ? ಯುಗಾದಿಗೇ ನಾಲ್ವತ್ತರ ಹತ್ತಿರ ಹೋಗಿರುತ್ತದೆ, ಮೇ ತಿಂಗಳ ಮಾತೇ ಬೇಡ. ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಗೋಡೆ ಒಂದೂವರೆ ಮೊಳ ದಪ್ಪ. ಆದರೂ ಮಗಳು ತಂದ ಉಷ್ಣಮಾಪಕ ಒಳಕೋಣೆಯಲ್ಲಿ 31 ತೋರಿಸಿತು. ಆಗ ಎಂಬತ್ತೈದು ದಾಟಿದ ನಮ್ಮತ್ತೆ ಮಂಚದ ಮೇಲಿಂದಲೇ "ಹಗೇವಿನ್ಯಾಗ ನೋಡ್ರಿ" ಎಂದರು.

ಹಗೇವು ಎಂದರೆ ಈಗಿನ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ಪಡಸಾಲೆಯಲ್ಲೋ ಮನೆಯ ಮುಂದೋ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗಡಿಗೆಯ ಹಾಗೆ ಅಗಲ. ಗೋಡೆಗೆಲ್ಲ ಒಣಹುಲ್ಲು ಹಚ್ಚಿ, ಜೋಳ ಸುರಿದು, ಮೇಲೆ ಹೊಟ್ಟು ಹಾಕಿ, ಕಲ್ಲಿನ ಹಾಸು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಒಳಗಿನ ಕಾಳು ಉಸಿರಾಡುತ್ತ ಉಸಿರಾಡುತ್ತ ಇದ್ದ ಗಾಳಿಯ ಸತ್ವವನ್ನೆಲ್ಲ ತಾನೇ ಮುಗಿಸುತ್ತದೆ. ಹುಳ ಹುಟ್ಟಿದರೂ ಬದುಕುವುದಿಲ್ಲ. ವರ್ಷಗಟ್ಟಲೆ ಜೋಳ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರು ಬದುಕಿದ್ದು ಈ ತೂತಿನಿಂದ. ಈಗ ನಮ್ಮ ಭಾಗಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಜೋಳದ ಹೊಲಗಳು ಗದ್ದೆಯಾದವು, ರೇಷನ್ ಅಕ್ಕಿ ಬಂತು, ಹಗೇವುಗಳ ಬಾಯಿಗೆ ಮಣ್ಣು ಬಿತ್ತು. ನಮ್ಮದು ಹತ್ತು ಚೀಲದ ಸಣ್ಣ ಹಗೇವು. ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೂಳಿರಲಿಲ್ಲ.

ತೆಗೆಸಿದೆವು. ಮೊದಲು ದೀಪ ಇಳಿಸಬೇಕು; ಇದು ಹಿರಿಯರ ಕಟ್ಟಪ್ಪಣೆ. ಹಗ್ಗಕ್ಕೆ ಕಟ್ಟಿದ ಲಾಟೀನು ಅರ್ಧ ಇಳಿಯುವಷ್ಟರಲ್ಲಿ ಪಕ್ಕನೆ ಆರಿತು. ತಳದಲ್ಲಿ ಉಳಿದ ಹಳೆಯ ಹೊಟ್ಟು ಕೊಳೆತು ಕೆಟ್ಟ ಗಾಳಿ ತುಂಬಿತ್ತು. ಅವಸರಪಟ್ಟು ಇಳಿದು ಜೀವ ಬಿಟ್ಟವರ ಕಥೆಯನ್ನು ಅತ್ತೆ ಎರಡೆರಡು ಸಲ ಹೇಳಿದರು. ಮಗಳು ಆ ದೀಪವನ್ನೇ ನೋಡುತ್ತ ನಿಂತಿದ್ದಳು. ದ್ರಾಕ್ಷಿಯ ಸಕ್ಕರೆ ಹುದುಗಿ ಮದ್ಯವಾಗುವಾಗಲೂ ಇದೇ ಇಂಗಾಲದ ಗಾಳಿ ಏಳುತ್ತದಂತೆ. ಫ್ರಾನ್ಸಿನ ಹಳ್ಳಿಗಳ ನೆಲಮಾಳಿಗೆಗಳಲ್ಲೂ ಹಿಂದೆ ಮೇಣದಬತ್ತಿ ಹಿಡಿದೇ ಇಳಿಯುತ್ತಿದ್ದರಂತೆ. "ನೋಡವ್ವ, ಅವರದೂ ಇದೇ ದೀಪ" ಎಂದಳು. ಇಡೀ ದಿನ ಬಾಯಿ ತೆರೆದು, ಕಂಬಳಿ ಬೀಸಿ ಗಾಳಿಯಾಡಿಸಿದ ಮೇಲೆ ದೀಪ ತಳ ಮುಟ್ಟಿಯೂ ಉರಿಯಿತು. ಆಳು ಇಳಿದು ಕಸ ತೆಗೆದ. ಉಷ್ಣಮಾಪಕ ಇಳಿಬಿಟ್ಟರೆ 28. ಹಗಲೂ ಅಷ್ಟೇ, ಬೆಳಗಿನ ಜಾವಕ್ಕೂ ಅಷ್ಟೇ. ಮಗಳಿಗೆ ಅರ್ಧ ಸಂತೋಷ, ಅರ್ಧ ನಿರಾಶೆ. "ಏರಿಳಿತ ಇಲ್ಲ, ಅದು ಛಲೋ. ಆದ್ರ ಬಿಸಿ ಹೆಚ್ಚು. ಇಲ್ಲಿ ಹತ್ತು ವರ್ಷದ್ದು ನಾಕೇ ವರ್ಷಕ್ಕ ಮುದುಕಿ ಆಗತೈತಿ" ಎಂದಳು. ಬಿಸಿಲನಾಡಿನ ಹೆಣ್ಣುಮಕ್ಕಳ ವಿಷಯವನ್ನೇ ಹೇಳಿದಳೇನೋ ಅನಿಸಿತು ನನಗೆ.

ರುಚಿ ನೋಡುವ ಕೆಲಸ ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಆಯಿತು. ಸಂಜೆಯಲ್ಲ, ಬೆಳಿಗ್ಗೆ! ಆಗಲೇ ನಾಲಿಗೆ ಚುರುಕಾಗಿರುತ್ತದಂತೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಬಾರದು, ತಲೆಗೆ ಮಲ್ಲಿಗೆ ಮುಡಿಯಬಾರದು ಎಂದು ಅಪ್ಪಣೆ ಮಾಡಿದಳು. ಹಳೆಯ ಸೀಸೆಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದಳು, ಗಸಿ ತಳಕ್ಕೆ ಕೂಡಲಿ ಎಂದು. ಒಂದು ತಾಸು ಮಣ್ಣಿನ ಗಡಿಗೆಯ ನೀರಿನಲ್ಲಿಟ್ಟು ತಂಪು ಮಾಡಿದಳು. ಬೂಚು ತೆಗೆದು, ಸೀಸೆಯ ಕುತ್ತಿಗೆಯ ಹಿಂದೆ ಬ್ಯಾಟರಿ ಬೆಳಕು ಹಿಡಿದು, ಇನ್ನೊಂದು ಗಾಜಿನ ಪಾತ್ರೆಗೆ ಸಣ್ಣ ಧಾರೆಯಾಗಿ ಬಗ್ಗಿಸಿದಳು. ಕಪ್ಪು ಗಸಿ ಕುತ್ತಿಗೆಗೆ ಬಂದ ಕೂಡಲೆ ಕೈ ನಿಲ್ಲಿಸಿದಳು. ತುಪ್ಪ ಕಾಸಿ ಬಗ್ಗಿಸುವಾಗ ಚರಟ ಬರದ ಹಾಗೆ ನಾವು ಕೈ ಹಿಡಿಯುವುದಿಲ್ಲವೇ, ಹಾಗೆಯೇ. ಆ ಕೈ ನನ್ನದೇ ಕೈ ಎನಿಸಿತು.

ಎರಡು ಗ್ಲಾಸಿನ ಹಿಂದೆ ಬಿಳಿ ಧೋತರ ಹಿಡಿದು ಬಣ್ಣ ತೋರಿಸಿದಳು. ಹೊಸದು ನೇರಳೆಹಣ್ಣಿನ ಬಣ್ಣ, ಅಂಚಿನವರೆಗೂ ದಟ್ಟ. ಹಳೆಯದು ನಡುವೆ ಕೆಂಪು, ಅಂಚಿನಲ್ಲಿ ಇಟ್ಟಿಗೆ. ಕರಿದ್ರಾಕ್ಷಿಯ ರಸಕ್ಕೆ ಬಣ್ಣವೇ ಇರುವುದಿಲ್ಲವಂತೆ; ಸಿಪ್ಪೆಯ ಸಮೇತ ಹುದುಗಿಗೆ ಹಾಕುವುದರಿಂದ ಸಿಪ್ಪೆಯ ಕೆಂಪೂ ಸಿಪ್ಪೆ ಬೀಜಗಳ ಒಗರೂ ರಸಕ್ಕೆ ಇಳಿಯುತ್ತವೆ. ಬಲಿಯದ ನೇರಳೆ, ಚೊಗರು ಅಡಿಕೆ, ಹೆಚ್ಚು ಕುದಿಸಿದ ಚಹಾ ಬಾಯನ್ನು ಹಿಡಿಯುತ್ತವಲ್ಲ, ಆ ಒಗರು. ಟ್ಯಾನಿನ್ ಎನ್ನುತ್ತಾರೆ. ವರ್ಷ ಕಳೆದಂತೆ ಈ ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿಕೊಂಡು ದೊಡ್ಡವಾಗಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ಅದೇ ಗಸಿ. ಬಣ್ಣ ತೆಳುವಾಗುತ್ತದೆ, ಒಗರು ಮೆತ್ತಗಾಗುತ್ತದೆ, ಹಣ್ಣಿನ ವಾಸನೆ ಹೋಗಿ ಒಣ ಎಲೆ, ತೊಗಲು, ಮಳೆಬಿದ್ದ ಮಣ್ಣಿನಂಥ ವಾಸನೆ ಏಳುತ್ತದೆ. ಎಲ್ಲ ವೈನೂ ಹೀಗೆ ಮಾಗುವುದಿಲ್ಲ. ಹೆಚ್ಚಿನವು ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸಲಿಕ್ಕೇ ಮಾಡಿದವು. ಒಗರು, ಹುಳಿ, ಹಣ್ಣಿನ ಸಾರ ಮೂರೂ ಗಟ್ಟಿಯಿದ್ದ ಕೆಲವೇ ಕೆಲವು ಕಾಲವನ್ನು ತಾಳುತ್ತವೆ. ಬರೀ ಇಟ್ಟ ಮಾತ್ರಕ್ಕೆ ಯಾವುದೂ ಒಳ್ಳೆಯದಾಗುವುದಿಲ್ಲ.

ಇದರಲ್ಲಿ ನಮಗೆ ಹೊಸದೇನಿದೆ? ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ವರ್ಷ ಕಳೆದ ಸೋನಾ ಮಸೂರಿ ಅರಳಿ ಬಿಡಿಬಿಡಿಯಾಗುತ್ತದೆ. ಉಪ್ಪು ಹಚ್ಚಿ ಗಡಿಗೆಯಲ್ಲಿಟ್ಟ ಹುಣಸೆಹಣ್ಣು ಕೆಂಪು ಬಿಟ್ಟು ಕಪ್ಪಾದಷ್ಟೂ ಸಾರಿಗೆ ರುಚಿ. ನನ್ನ ಬಳಿ ಒಂದು ಭರಣಿ ಲಿಂಬೆಕಾಯಿ ಉಪ್ಪಿನಕಾಯಿ ಇದೆ, ಹನ್ನೆರಡು ವರ್ಷದ್ದು. ಇದ್ದಿಲಿನ ಹಾಗೆ ಕಪ್ಪು. ಜ್ವರ ಬಂದು ಬಾಯಿ ಕೆಟ್ಟವರಿಗೆ ಅದರ ಒಂದು ಹೋಳು ಸಾಕು. ಇವೆಲ್ಲಕ್ಕೂ ಬೇಕಾದದ್ದು ಒಂದೇ: ಒಳ್ಳೆಯ ಕಾಯಿ, ಒಣಗಿದ ಕೈ, ಬಿಗಿಯಾದ ಮುಚ್ಚಳ, ಮತ್ತೆ ಮತ್ತೆ ತೆಗೆದು ನೋಡದ ಮನಸ್ಸು.

ನಾನೂ ಒಂದು ಚಮಚೆಯಷ್ಟು ಹಳೆಯದನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ, ಆಮೇಲೆ ಒಂದು ಬೆಚ್ಚನೆ, ಆಮೇಲೆ ನಾಲಿಗೆಯ ಅಂಚಿಗೆ ರೇಷ್ಮೆಯಂಥ ಒಗರು. ಉಗುಳಿದೆ. ಉಗುಳಿದ ಮೇಲೂ ರುಚಿ ಹೋಗಲಿಲ್ಲ. "ಎಷ್ಟು ಹೊತ್ತು ಉಳೀತೈತಿ ಅದನ್ನೇ ನಾವು ಎಣಿಸೋದು" ಎಂದಳು ಮಗಳು. ಹೊಸದನ್ನು ಹಾಕಿಕೊಂಡಾಗ ಮಾತ್ರ ಹಸಿ ಅಡಿಕೆ ಕಡಿದ ಹಾಗೆ ದವಡೆ ಹಿಡಿಯಿತು. ಕಟ್ಟೆಯ ಮೇಲೆ ಪೇಪರು ಓದುವವರ ಹಾಗೆ ಕೂತಿದ್ದ ನಮ್ಮವರು "ನುಂಗದಿದ್ದರ ವ್ರತ ಕೆಟ್ಟಿಲ್ಲ ತಗೋ" ಎಂದರು. ಅತ್ತೆ ಬಾಯಿಗೆ ಮುಟ್ಟಿಸಲಿಲ್ಲ. ಗ್ಲಾಸು ಮೂಗಿಗೆ ಹಿಡಿದು ಕಣ್ಣು ಮುಚ್ಚಿ, "ಹಗೇವು ತೆಗದಾಗ ಬರತಿತ್ತು ನೋಡು, ಆ ವಾಸನಿ" ಎಂದರು. ಮಗಳು ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡಳು. ಅವಳ ಪುಸ್ತಕಗಳಲ್ಲಿ ಆ ಮಾತು ಇರಲಿಲ್ಲವಂತೆ.

ನಮ್ಮ ನಾಡಿಗೆ ಈ ವಿದ್ಯೆ ತೀರ ಈಚಿನದು. ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು 1988ರಲ್ಲಿ ಕಟ್ಟಿದ ಗ್ರೋವರ್ ತೋಟದಿಂದ 1992ರಲ್ಲಿ ವೈನ್ ಪೇಟೆಗೆ ಬಂತು. ನಮಗೆ ಇನ್ನೂ ಹತ್ತಿರದ್ದೆಂದರೆ ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಗುಡ್ಡಗಳ ಸಾಲಿನಲ್ಲಿ, ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಮಾಡಿದ ಕೃಸ್ಮಾ ತೋಟ. 1997ರವರೆಗೆ ಕೊಪ್ಪಳವೂ ನಮ್ಮ ರಾಯಚೂರು ಜಿಲ್ಲೆಯದೇ. ಹಂಪಿಯ ಪೇಟೆಯಲ್ಲಿ ದ್ರಾಕ್ಷಿ ಗೊಂಚಲು ಮಾರುತ್ತಿದ್ದುದನ್ನು ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪೇಸ್ ಬರೆದಿಟ್ಟಿದ್ದಾನೆ. ಬಳ್ಳಿಗೆ ನಮ್ಮ ಮಣ್ಣು ಹೊಸದಲ್ಲ. ಕಾದು ಕುಡಿಯುವುದು ಹೊಸದು.

ಅವಸರದಲ್ಲಿ ಕುಡಿದು ಕೆಟ್ಟವರು ಮಾತ್ರ ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. 1520ರ ರಾಯಚೂರು ಯುದ್ಧದ ವಿಷಯ ಬರೆಯುತ್ತ ಇತಿಹಾಸಕಾರ ಫೆರಿಸ್ತಾ ಒಂದು ಸಂಗತಿ ಹೇಳುತ್ತಾನೆ. ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯ ದಂಡೆಯಲ್ಲಿ ಡೇರೆ ಹೊಡೆದು ಕೂತವನು ಮದ್ಯ ತರಿಸಿ ಕುಡಿದ. ಅಮಲೇರಿದ್ದೇ ತಡ, ಈಗಿಂದೀಗಲೇ ಹೊಳೆ ದಾಟಬೇಕು ಎಂದು ಹಟ ಹಿಡಿದ. ಸಾಕಷ್ಟು ಹರಗೋಲು ಇರಲಿಲ್ಲ. ಆನೆಯನ್ನೇ ನೀರಿಗೆ ಇಳಿಸಿದ. ದಂಡು ಹಾಳಾಯಿತು, ರಾಯಚೂರು ಕೈಬಿಟ್ಟಿತು. ರಾಜನಾದರೆ ಕೋಟೆ ಹೋಗುತ್ತದೆ, ರೈತನಾದರೆ ಹನ್ನೊಂದು ಎಕರೆ ಹೋಗುತ್ತದೆ.

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕೆಲಸದಾಕೆ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಗಂಡ ಕುಡಿಯುತ್ತಾನೆ. ಎಲ್ಲರ ಗಂಡಂದಿರ ಹಾಗೆ ಎಂದು ಅವಳೇ ಹೇಳುತ್ತಾಳೆ. ಕೊನೆಗೆ ತಡೆಯಲಾರದೆ ಕೇಳಿದಳು: "ಅಕ್ಕಾರ, ನಮ್ಮ ಮನ್ಯಾಗ ಹೊತ್ತು ಮುಣುಗೂತನ ತಡಿಯಂಗಿಲ್ಲ. ಇದನ್ನ ಹತ್ತು ವರ್ಷ ಹೆಂಗ ತಡೀತಾರ್ರಿ?"

ಯಾರೂ ಮಾತಾಡಲಿಲ್ಲ. ಮಗಳ ವಹಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹತ್ತು ವರ್ಷ ಕಾಯುವುದಕ್ಕೆ ನಾಳೆಯ ಊಟದ ಚಿಂತೆ ಇರಬಾರದು, ಕಾಲು ಚಾಚುವಷ್ಟು ಕೋಣೆ ಇರಬೇಕು, ಬೀಗವಿರಬೇಕು. ದಿನವಿಡೀ ಬಿಸಿಲಲ್ಲಿ ಕಲ್ಲು ಹೊತ್ತವನ ಮುಂದೆ ಕತ್ತಲಾದ ಕೂಡಲೆ ಜಾಳಿಗೆಯ ಕಿಂಡಿ ತೆರೆದಿಡುವ ಲೋಕ, ಕಾಯುವುದನ್ನು ಅವನಿಗೆ ಕಲಿಸಿದ್ದಾದರೂ ಯಾವಾಗ? ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ನಮ್ಮ ಊರುಗಳ ಹೆಂಗಸರು ಆಗ ದೇವರಿಗೆ ಕಾಯಿ ಒಡೆದರು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಆದರೆ ಸಾರಾಯಿಯವನು ವೈನಿಗೆ ಬರಲಿಲ್ಲ, ಕಾಗದದ ಪೊಟ್ಟಣಕ್ಕೆ ಹೋದ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ನಮ್ಮ ಜಿಲ್ಲೆಯಿಂದಲೂ ಹೋಗಿದ್ದರು. ಅಷ್ಟು ದೂರ ನಡೆದವರ ಅಂಗಾಲಿನ ಬೊಬ್ಬೆಯ ಮುಂದೆ ಈ ಸೀಸೆಯ ಇಟ್ಟಿಗೆಬಣ್ಣವನ್ನು ಹೇಗೆ ಹೊಗಳಲಿ?

ಮಗಳೂ ತನ್ನ ಸರಕನ್ನು ಸುಮ್ಮನೆ ಹೊಗಳುವವಳಲ್ಲ. ಕೆಂಪು ವೈನಿನಲ್ಲೂ ನೂರಕ್ಕೆ ಹದಿಮೂರರಷ್ಟು ಮದ್ಯಸಾರ ಇರುತ್ತದೆ, ಹೃದಯಕ್ಕೆ ಒಳ್ಳೆಯದು ಎಂದು ಹೇಳಿಕೊಂಡು ಬರುತ್ತಿದ್ದ ಮಾತನ್ನು ಈಗ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ ಎಂದು ಅವಳೇ ತಿಳಿಸಿದಳು.

ಮಧ್ಯಾಹ್ನದ ಬಸ್ಸಿಗೆ ತಂಗಿ ಬಂದಳು. ಸೀಸೆಗಳನ್ನು ಮುಚ್ಚಿಡುವಷ್ಟು ಹೊತ್ತೂ ಸಿಗಲಿಲ್ಲ, ಮುಚ್ಚಿಡಬೇಕೆಂದೂ ಮಗಳು ಬಿಡಲಿಲ್ಲ. ತಂಗಿ ಕೂತಳು, ನೀರು ಕುಡಿದಳು, ಎಲ್ಲ ಕೇಳಿದಳು. ಗ್ಲಾಸನ್ನು ಮುಟ್ಟಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: "ಇದನ್ನ ಕುಡದವರು ಹೊಡೀತಾರೇನು?"

ಮಗಳ ಮುಖ ಸಣ್ಣದಾಯಿತು. ಆದರೆ ಸುಳ್ಳು ಹೇಳಲಿಲ್ಲ. "ಹೊಡಿಯೋರು ಯಾವುದು ಕುಡದ್ರೂ ಹೊಡೀತಾರ, ಸಣ್ಣವ್ವ" ಎಂದಳು.

ತಂಗಿ ತಲೆಯಾಡಿಸಿದಳು. "ಹಂಗಾದ್ರ ನೀ ಮಾಡೋದನ್ನ ಛಲೋತ್ನಾಗಿ ಮಾಡು. ಮನ್ಯಾಗ ಮಾತ್ರ ಇಡಬ್ಯಾಡ" ಎಂದಳು. ಹೀಗೆ ನಾನು ಹೇಳಬೇಕಾದ ಮಾತು ಅವಳ ಬಾಯಿಂದ, ನನ್ನ ಬಾಯಿಗೆ ಬರಬಹುದಾಗಿದ್ದಕ್ಕಿಂತ ಮೆತ್ತಗೆ ಬಂತು. ಕಷ್ಟವೂ ಕೆಲವರಲ್ಲಿ ಮಾಗುತ್ತದೆ, ಒಗರು ಕೆಳಗೆ ಕೂತು ತಿಳಿ ಮೇಲೆ ನಿಲ್ಲುತ್ತದೆ. ಎಲ್ಲರಲ್ಲೂ ಅಲ್ಲ.

ಮಗಳು ಎರಡು ದಿನ ಅಷ್ಟಕ್ಕಷ್ಟೇ ಮಾತಾಡಿದಳು. ಹೊರಡುವ ದಿನ ಸೀಸೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಅವಳು ಕೆಲಸ ಮಾಡುವಲ್ಲಿ ಅದಕ್ಕೆ 13 ಡಿಗ್ರಿಯ ಕೋಣೆಯಿದೆ, ಅದರ ಜಾಗ ಅಲ್ಲೇ. ಇನ್ನೊಂದು ಬಟ್ಟೆಯಲ್ಲಿ ನಾನು ಹನ್ನೆರಡು ವರ್ಷದ ಲಿಂಬೆಕಾಯಿಯನ್ನು ಸಣ್ಣ ಭರಣಿಗೆ ಹಾಕಿ ಸುತ್ತಿಕೊಟ್ಟೆ. ಅಲ್ಲಿ ರುಚಿ ನೋಡುವವರಿಗೆ ತೋರಿಸುತ್ತೇನೆ ಎಂದು ನಕ್ಕಳು. ಕೇಳಿದವರಿಗೆ ನಮ್ಮವರು ಈಗ "ವೈನ್ ಮಾಡತಾಳ" ಎಂದೇ ಹೇಳುತ್ತಾರೆ. ಸ್ವಲ್ಪ ಸಣ್ಣ ದನಿಯಲ್ಲಿ.

ತೆಗೆದು ಹಸನು ಮಾಡಿದ ಹಗೇವು ಬಾಯಿ ತೆರೆದುಕೊಂಡೇ ಇತ್ತು. ಅದನ್ನು ಖಾಲಿ ಮುಚ್ಚಬಾರದು ಎಂದು ಅತ್ತೆ ಹಟ ಹಿಡಿದರು. ಎರೆಹೊಲದ ಹಿಂಗಾರಿ ಬಿಳಿಜೋಳ ಆಗತಾನೇ ಬಂದಿತ್ತು. ಹುಲ್ಲು ಹಚ್ಚಿಸಿ ಹತ್ತು ಚೀಲ ಸುರಿಸಿ, ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿಸಿದೆವು. ಮೊದಲ ಬುಟ್ಟಿ ಸುರಿದವಳು ತಂಗಿ. ಒಂದು ಚೀಲ ಕೆಲಸದಾಕೆಗೆಂದು ಅತ್ತೆ ಆಗಲೇ ಹೇಳಿಟ್ಟಿದ್ದಾರೆ. ಬರುವ ಸಂಕ್ರಾಂತಿಗೆ ತೆಗೆಯಬೇಕು. ಬೆಳಿಗ್ಗೆಯೇ ತೆಗೆಯಬೇಕು, ಮೊದಲು ದೀಪ ಇಳಿಸಿ ನೋಡಬೇಕು.